ಬಿಗಿಯಾಗದ ತಿರುಪು: ಮನೆಯ ಮರದ ಡೆಕ್ ಒಂದರ ಪ್ರಕರಣ ಅಧ್ಯಯನ

ಈ ಪ್ರಕರಣ ಅಮೆರಿಕದ ಒಂದು ಉಪನಗರದ ಮನೆಗೆ ಸೇರಿದ್ದು. ಮನೆಯವರ ಮತ್ತು ಗುತ್ತಿಗೆದಾರರ ಗುರುತು, ರಾಜ್ಯದ ಹೆಸರು, ಕೆಲಸ ನಡೆದ ವರ್ಷ ಇವೆಲ್ಲವನ್ನೂ ಬಿಟ್ಟಿದ್ದೇನೆ. ಅಳತೆಗಳನ್ನು ಓದಿಗೆ ಸುಲಭವಾಗುವಂತೆ ಪೂರ್ಣಾಂಕಕ್ಕೆ ತಂದಿದ್ದೇನೆ. ರಚನಾ ಎಂಜಿನಿಯರ್ ಆಗಿ ನಾನು ಈ ಕೆಲಸಕ್ಕೆ ಬಂದದ್ದು ಅರ್ಧದಲ್ಲಿ. ಆದ್ದರಿಂದ ಮೊದಲ ಭಾಗವನ್ನು ಮನೆಯವರೂ ಗುತ್ತಿಗೆದಾರರೂ ಹೇಳಿದ್ದನ್ನು ಕೂಡಿಸಿ ಬರೆದಿದ್ದೇನೆ.

ಹಿನ್ನೆಲೆ

ಮನೆ ಮರದ ಚೌಕಟ್ಟಿನ ಎರಡು ಅಂತಸ್ತಿನದು, ಕೆಳಗೆ ನೆಲಮಾಳಿಗೆಯಿದೆ. ಹಿತ್ತಲಿನ ನೆಲ ಮನೆಯಿಂದ ದೂರಕ್ಕೆ ಇಳಿಜಾರಾಗಿ ಹೋಗುತ್ತದೆ. ಅಡುಗೆಮನೆಯ ಜಾರುಬಾಗಿಲನ್ನು ತೆರೆದರೆ ಡೆಕ್, ಅಂದರೆ ಮನೆಗೆ ತಗುಲಿಸಿ ಹೊರಗೆ ಕಟ್ಟಿದ ಮರದ ತೆರೆದ ಜಗಲಿ, ಸಿಗುತ್ತದೆ. ಅದು ಗೋಡೆಯುದ್ದಕ್ಕೆ 16 ಅಡಿ, ಗೋಡೆಯಿಂದ ಹೊರಕ್ಕೆ 12 ಅಡಿ. ಗೋಡೆಯ ಪಕ್ಕದಲ್ಲಿ ಅದರ ಕೆಳಗೆ ನೆಲಕ್ಕೆ ಮೂರೇ ಅಡಿ ಅಂತರ, ಹೊರ ಅಂಚಿನಲ್ಲಿ ಒಂಬತ್ತು ಅಡಿ. ಈ ಮೂರು ಅಡಿಯ ಸಂದಿಯೇ ಮುಂದಿನ ಕಥೆಗೆ ಕಾರಣ ಎಂದರೂ ತಪ್ಪಿಲ್ಲ, ಏಕೆಂದರೆ ಹೊರ ಅಂಚಿನ ಕಂಬಗಳ ಕೆಳಗೆ ಎಲ್ಲರೂ ನಿಂತು ನೋಡಿದ್ದರೇ ಹೊರತು ಗೋಡೆಯ ಬುಡದವರೆಗೆ ತೆವಳಿಕೊಂಡು ಹೋದವರು ಯಾರೂ ಇರಲಿಲ್ಲ.

ಭಾರ ಹೇಗೆ ಇಳಿಯುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾಲಡಿಯ ಹಲಗೆಗಳನ್ನು ಜಂತೆಗಳು ಹೊರುತ್ತವೆ. ಇಲ್ಲಿ 16 ಇಂಚಿಗೊಂದರಂತೆ 13 ಜಂತೆಗಳಿದ್ದವು. ಪ್ರತಿ ಜಂತೆಯ ಹೊರ ತುದಿ ಒಂದು ತೊಲೆಯ ಮೇಲೆ ಕೂರುತ್ತದೆ, ತೊಲೆ ಮೂರು ಕಂಬಗಳ ಮೇಲೆ ನಿಲ್ಲುತ್ತದೆ. ಒಳ ತುದಿಗೆ ಕಂಬವಿಲ್ಲ. ಅದು ಲೋಹದ ಹ್ಯಾಂಗರ್ ಮೂಲಕ ಲೆಡ್ಜರ್ ಎಂಬ ಹಲಗೆಗೆ ತೂಗಿಕೊಂಡಿರುತ್ತದೆ, ಆ ಲೆಡ್ಜರ್ ಮನೆಯ ಗೋಡೆಗೆ ಜೋಡಣೆಯಾಗಿರುತ್ತದೆ. ಲೆಡ್ಜರ್‌ನ ಹಿಂದೆ, ಗೋಡೆಯೊಳಗೆ, ಮನೆಯ ನೆಲದ ಜಂತೆಗಳ ತುದಿಗಳನ್ನು ಮುಚ್ಚುವ ರಿಮ್ ಹಲಗೆಯಿರುತ್ತದೆ. ಒಟ್ಟಿನಲ್ಲಿ ಡೆಕ್‌ನ ಅರ್ಧ ಭಾರವನ್ನು ಹೊರುವುದು ಹೊರಗಿನಿಂದ ಕಾಣದ ಒಂದು ಹಲಗೆ, ಮತ್ತು ಅದಕ್ಕೆ ಹೊಡೆದ ಮೊಳೆ ಅಥವಾ ಬೋಲ್ಟು.

ಡೆಕ್ ಕಟ್ಟಿದ್ದು 1990ರ ದಶಕದ ಕೊನೆಯಲ್ಲಿ, ಮನೆಯ ಜೊತೆಗೇ. ಆ ಕಾಲದ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿದ ಸಿಸಿಎ ಎಂಬ ರಾಸಾಯನಿಕವನ್ನು ಒತ್ತಡದಲ್ಲಿ ಕುಡಿಸುತ್ತಿದ್ದರು. ಅಂಥ ಮರ ಮಳೆಗೂ ಬೂಷ್ಟಿಗೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಮನೆಬಳಕೆಗೆ ಅದರ ತಯಾರಿಕೆ 2003ರ ಕೊನೆಗೆ ನಿಂತಿತು. ಈಗಿನ ಮನೆಯವರು ನಾಲ್ಕು ವರ್ಷದ ಹಿಂದೆ ಮನೆಯನ್ನು ಕೊಂಡವರು. ಅವರು ಅಲಕ್ಷ್ಯದ ಜನರಲ್ಲ. ಎರಡು ವರ್ಷಕ್ಕೊಮ್ಮೆ ಹಲಗೆಗಳನ್ನು ತೊಳೆದು ಬಣ್ಣ ಕೊಡಿಸುತ್ತಿದ್ದರು, ಎದ್ದ ಮೊಳೆಗಳನ್ನು ತಾವೇ ಬಡಿಯುತ್ತಿದ್ದರು. ಮೇಲಿನಿಂದ ನೋಡಿದವರಿಗೆ ಡೆಕ್ ಚೊಕ್ಕಟವಾಗಿಯೇ ಇತ್ತು.

ಮನೆ ಕೊಳ್ಳುವಾಗ ಮಾಡಿಸಿದ ತಪಾಸಣೆಯ ವರದಿಯನ್ನು ನಾನು ಆಮೇಲೆ ಓದಿದೆ. ಬಚ್ಚಲಿನ ನಲ್ಲಿ, ಚಾವಣಿಯ ಹೆಂಚು, ಕುಲುಮೆಯ ವಯಸ್ಸು ಎಂದು ಹತ್ತಾರು ಪುಟ ಕಳೆದ ಮೇಲೆ ಡೆಕ್ ಬಗ್ಗೆ ಒಂದು ಸಾಲಿತ್ತು: ಲೆಡ್ಜರ್‌ನ ಜೋಡಣೆ ಪೂರ್ತಿಯಾಗಿ ಕಾಣುವುದಿಲ್ಲ, ತಿಳಿದವರಿಂದ ನೋಡಿಸುವುದು ಸೂಕ್ತ. ಸಾಲಿನಲ್ಲಿ ತಪ್ಪಿಲ್ಲ. ಆದರೆ ಸೋರುವ ನಲ್ಲಿಗೂ ಅದಕ್ಕೂ ಒಂದೇ ಅಕ್ಷರ, ಒಂದೇ ಗಾತ್ರ, ಒಂದೇ ಧಾಟಿ. ಅದನ್ನು ಯಾರೂ ಗಮನಿಸದೆ ಹೋದದ್ದಕ್ಕೆ ಓದುಗರನ್ನಷ್ಟೇ ದೂರಲು ನನಗೆ ಮನಸ್ಸಾಗುವುದಿಲ್ಲ.

ಸಮಸ್ಯೆ ಕಂಡದ್ದು

ಮಗಳ ಪದವಿಯ ಸಂತೋಷಕ್ಕೆ ಮನೆಯವರು ಸುಮಾರು 40 ಜನರನ್ನು ಕರೆದಿದ್ದರು. ಸಮಾರಂಭಕ್ಕೆ ಒಂಬತ್ತು ದಿನವಿರುವಾಗ ಡೆಕ್ ಗುಡಿಸುತ್ತಿದ್ದ ಮನೆಯೊಡತಿಯ ಕಣ್ಣಿಗೆ ಬಾಗಿಲ ಮುಂದಿನ ಮೊದಲ ಹಲಗೆಗೂ ಗೋಡೆಗೂ ನಡುವೆ ಒಂದು ಸಂದಿ ಬಿತ್ತು. ಬಾಗಿಲ ಎದುರಿಗೆ ಕಿರುಬೆರಳು ತೂರುವಷ್ಟು ಅಗಲ; ಎರಡೂ ಕೊನೆಗಳಲ್ಲಿ ಕೂದಲೆಳೆಯಷ್ಟು. ಡೆಕ್‌ಗಳನ್ನು ಕಟ್ಟಿ ಅನುಭವವಿದ್ದ ಗುತ್ತಿಗೆದಾರರೊಬ್ಬರನ್ನು ಕರೆಸಿದರು. ಅವರು ಕೆಳಗೆ ತೂರಿ ನೋಡಿದಾಗ ಲೆಡ್ಜರ್‌ನಲ್ಲಿ ಬೋಲ್ಟುಗಳೇ ಇರಲಿಲ್ಲ. ಬರೀ ಮೊಳೆಗಳು, 16 ಇಂಚಿಗೆ ಎರಡರಂತೆ.

ಇದರ ಲೆಕ್ಕ ಹೀಗೆ. ಮನೆಯ ಡೆಕ್ ಒಂದು ಚದರ ಅಡಿಗೆ 40 ಪೌಂಡ್ ಜನಭಾರ ಹಾಗೂ ಸುಮಾರು 10 ಪೌಂಡ್ ಸ್ವಂತ ಭಾರ ಹೊರಬೇಕೆಂಬುದು ಅಲ್ಲಿನ ವಸತಿ ಸಂಹಿತೆಯ, ಅಂದರೆ ಮನೆ ಕಟ್ಟುವ ನಿಯಮಾವಳಿಯ, ಸಾಮಾನ್ಯ ಆಧಾರ. 12 ಅಡಿಯ ಜಂತೆಯ ಅರ್ಧ ಭಾರ ಗೋಡೆಗೆ ಬರುವುದರಿಂದ ಲೆಡ್ಜರ್‌ನ ಪ್ರತಿ ಅಡಿಗೆ 300 ಪೌಂಡ್, ಒಟ್ಟು 4,800 ಪೌಂಡ್. ಆ ಗಾತ್ರದ ಒಂದು ಮೊಳೆಗೆ ಲೆಕ್ಕದಲ್ಲಿ ಕೊಡಬಹುದಾದ ಅಡ್ಡಭಾರ ಸುಮಾರು 120 ಪೌಂಡ್. ಎಂದರೆ ಅಡಿಗೆ 180. ಮರ, ಮೊಳೆ ಎರಡೂ ಹೊಸದಾಗಿದ್ದ ದಿನವೇ ಈ ಜೋಡಣೆ ಬೇಕಾದುದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟಿರಲಿಲ್ಲ. ಇದಕ್ಕಿಂತ ಕೆಟ್ಟದ್ದೆಂದರೆ, ಡೆಕ್ ಹೊರಕ್ಕೆ ಎಳೆದಾಗ ಮೊಳೆ ಬಂದ ದಾರಿಯಲ್ಲೇ ಹಿಂದಕ್ಕೆ ಜಾರುತ್ತದೆ. ಹೀಗೆ ಕಿತ್ತು ಬರಬಹುದಾದ ಮೊಳೆಗಳ ಮೇಲೆ ಡೆಕ್ಕನ್ನು ಮನೆಗೆ ಕಟ್ಟಕೂಡದು ಎಂದು ಸಂಹಿತೆ ನೇರವಾಗಿಯೇ ಹೇಳುತ್ತದೆ.

ಹಾಗಿದ್ದರೆ ಇಷ್ಟು ವರ್ಷ ನಿಂತದ್ದು ಹೇಗೆ? ಒಂದು, ಮೊಳೆ ನಿಜವಾಗಿ ಮುರಿಯುವ ಭಾರ ಲೆಕ್ಕದ ಭಾರಕ್ಕಿಂತ ಬಹಳ ಹೆಚ್ಚು. ಎರಡು, ಆ ಡೆಕ್ ಮೇಲೆ ನಾಲ್ಕೈದು ಜನರಿಗಿಂತ ಹೆಚ್ಚು ಜನ ಒಟ್ಟಿಗೆ ನಿಂತದ್ದೇ ಅಪರೂಪ. 40 ಜನ ನಿಂತರೆ, ತಲೆಗೆ 170 ಪೌಂಡ್ ಹಿಡಿದರೂ, ಚದರ ಅಡಿಗೆ 35 ಪೌಂಡ್ ಆಗುತ್ತದೆ. ಇದು ಅತಿಭಾರವಲ್ಲ, ಡೆಕ್ಕನ್ನು ಯಾವುದಕ್ಕೆಂದು ಕಟ್ಟುತ್ತಾರೋ ಸರಿಯಾಗಿ ಅದೇ ಭಾರ. ಕರೆದದ್ದು ಹೆಚ್ಚು ಜನರಾಯಿತೇನೋ ಎಂದು ಮನೆಯವರು ಆಮೇಲೆ ತಮ್ಮನ್ನೇ ದೂರಿಕೊಂಡಾಗ ನಾನು ಈ ಲೆಕ್ಕವನ್ನು ಬರೆದು ತೋರಿಸಬೇಕಾಯಿತು.

ಮೊದಲ ಪ್ರಯತ್ನ, ಮತ್ತು ಕೆಲಸ ನಿಲ್ಲಿಸಿದ ನಿರ್ಧಾರ

ಗುತ್ತಿಗೆದಾರರ ಸಲಹೆ ಪುಸ್ತಕಕ್ಕೆ ಸರಿಹೊಂದುವಂಥದೇ. ಹಳೆಯ ಮೊಳೆಗಳನ್ನು ಹಾಗೇ ಬಿಟ್ಟು, ಲೆಡ್ಜರ್ ಮೂಲಕ ರಿಮ್ ಹಲಗೆಯೊಳಕ್ಕೆ ಅರ್ಧ ಇಂಚು ದಪ್ಪದ ಲ್ಯಾಗ್ ತಿರುಪುಗಳನ್ನು, ಅಂದರೆ ನಟ್ಟಿಲ್ಲದೆ ಮರವನ್ನೇ ಕಚ್ಚಿ ಹಿಡಿಯುವ ದಪ್ಪ ತಿರುಪುಗಳನ್ನು, ಹಾಕುವುದು. 12 ಅಡಿಯ ಜಂತೆಗೆ ಅಂಥ ತಿರುಪುಗಳ ನಡುವೆ 15 ಇಂಚಿಗಿಂತ ಹೆಚ್ಚು ಅಂತರ ಇರಬಾರದು. ಅದರಂತೆ 14 ತಿರುಪುಗಳು ಬೇಕು, ಅರ್ಧ ದಿನದ ಕೆಲಸ. ಮಾರನೆಯ ದಿನವೇ ಶುರು ಮಾಡಿದರು.

ಎಡಗೊನೆಯಿಂದ ಮೊದಲ ಆರು ತಿರುಪುಗಳು ಚೆನ್ನಾಗಿ ಬಿಗಿದುಕೊಂಡವು. ಏಳನೆಯದು ಬಾಗಿಲ ಹೊಸ್ತಿಲಿನ ಕೆಳಗೆ ಬಂತು. ಅದು ತಲೆಯವರೆಗೂ ಸಲೀಸಾಗಿ ಇಳಿಯಿತು, ಆಮೇಲೆ ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇತ್ತು. ಬಡಗಿ ಪಕ್ಕಕ್ಕೆ ಸರಿದು ಎಂಟನೆಯದನ್ನೂ ಒಂಬತ್ತನೆಯದನ್ನೂ ಹಾಕಿ ನೋಡಿದ, ಅವೂ ಹಾಗೆಯೇ. ಏಳನೆಯದನ್ನು ಹೊರಗೆಳೆದಾಗ ತಿರುಪಿನ ಸುತ್ತುಗಳ ನಡುವೆ ಕಾಫಿ ಚರಟದಂಥ ಕಂದು ಪುಡಿ ಒದ್ದೆಯಾಗಿ ಅಂಟಿಕೊಂಡಿತ್ತು.

ಈ ಪ್ರಕರಣದ ದಿಕ್ಕು ಬದಲಾದದ್ದು ಇಲ್ಲಿ. ಗುತ್ತಿಗೆದಾರರು ತಿರುಪುಗಳನ್ನು ಹಾಗೇ ಬಿಟ್ಟು, ತಲೆಯ ಸುತ್ತ ಸಂದಿ ಮುಚ್ಚುವ ಅಂಟು ಮೇಣವನ್ನು ಸ್ವಲ್ಪ ಬಳಿದು ಹೋಗಬಹುದಿತ್ತು. ಹೊರಗಿನಿಂದ 14 ಹೊಳೆಯುವ ತಲೆಗಳು ಸಾಲಾಗಿ ಕಾಣುತ್ತಿದ್ದವು. ಮುಂದೆ ಬರುವ ಯಾವ ತಪಾಸಕನೂ ಅವನ್ನು ನೋಡಿ ಜೋಡಣೆ ಸರಿಯಾಗಿದೆ ಎಂದೇ ಬರೆಯುತ್ತಿದ್ದ. ಅವರು ಹಾಗೆ ಮಾಡಲಿಲ್ಲ. ಉಪಕರಣಗಳನ್ನು ಕೆಳಗಿಟ್ಟು ಮನೆಯವರನ್ನು ಕರೆದು, ಆ ಒದ್ದೆ ಪುಡಿಯನ್ನು ಅಂಗೈಯಲ್ಲಿ ತೋರಿಸಿ, ಇದರ ಹಿಂದೆ ಏನಿದೆ ಎಂಬುದು ತಿಳಿಯುವವರೆಗೆ ತಾವು ಮುಂದುವರಿಯುವುದಿಲ್ಲ ಎಂದರು. ನನ್ನ ಫೋನ್ ಸಂಖ್ಯೆಯನ್ನು ಕೊಟ್ಟವರೂ ಅವರೇ. ಈ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ನಿರ್ಧಾರ ಯಾವುದೆಂದು ಯಾರಾದರೂ ಕೇಳಿದರೆ, ಆಮೇಲೆ ನಾನು ಬರೆದ ನಕ್ಷೆಗಳಿಗಿಂತ ಮೊದಲು ಇದನ್ನು ಹೇಳುತ್ತೇನೆ.

ನಾನು ತಪ್ಪುವುದರಲ್ಲಿದ್ದ ಜಾಗ

ಆ ಸಂಜೆಯೇ ನಾನು ಹೋದೆ. ಕೆಳಗೆ ತೆವಳಿ, ಮೊನಚಾದ ಉಳಿಯಿಂದ ಲೆಡ್ಜರ್ ಹಲಗೆಯನ್ನು ಉದ್ದಕ್ಕೂ ಚುಚ್ಚಿ ನೋಡಿದೆ. ಎಲ್ಲಿಯೂ ಕಾಲು ಇಂಚಿಗಿಂತ ಆಳಕ್ಕೆ ಇಳಿಯಲಿಲ್ಲ. ತೇವಮಾಪಕದ ಎರಡು ಸೂಜಿಗಳನ್ನು ಒತ್ತಿದಾಗ ಶೇ. 14 ತೋರಿಸಿತು. ಮರ ಕೊಳೆಯುವ ಬೂಷ್ಟು ಬೆಳೆಯಲು ತೇವ ಸುಮಾರು ಶೇ. 28ರಿಂದ 30 ಬೇಕು; ಶೇ. 20ಕ್ಕಿಂತ ಕೆಳಗಿದ್ದರೆ ನಿಶ್ಚಿಂತೆ ಎಂಬುದು ರೂಢಿಯ ಮಾತು. ಕ್ಷಣಕಾಲ, ತಿರುಪಿಗೆ ಕೊರೆದ ರಂಧ್ರವೇ ಅಳತೆಗಿಂತ ದೊಡ್ಡದಾಗಿರಬಹುದೇ ಎಂದು ನಾನು ಯೋಚಿಸಿದ್ದುಂಟು.

ಅದು ಎರಡು ಕಡೆ ತಪ್ಪು ಯೋಚನೆ. ಮೊದಲನೆಯದಾಗಿ, ತೇವಮಾಪಕ ಹೇಳುವುದು ಇವತ್ತಿನ ತೇವವನ್ನು. ಹಿಂದೆ ನೀರು ಕುಡಿದು ಕೊಳೆತ ಮರ ಬೇಸಿಗೆಯಲ್ಲಿ ಒಣಗಿದರೆ ಅಂಕಿ ಇಳಿಯುತ್ತದೆ, ಕಳೆದುಕೊಂಡ ಬಲ ಮರಳುವುದಿಲ್ಲ. ಎರಡನೆಯದಾಗಿ, ನಾನು ಚುಚ್ಚಿ ನೋಡಿದ್ದು ರಾಸಾಯನಿಕ ಕುಡಿದ ಲೆಡ್ಜರನ್ನು. ಅದರ ಹಿಂದಿನ ರಿಮ್ ಹಲಗೆ ಯಾವ ಸಂಸ್ಕರಣೆಯೂ ಇಲ್ಲದ ಸಾಧಾರಣ ಸ್ಪ್ರೂಸ್ ಮರ, ಏಕೆಂದರೆ ಅದು ಮನೆಯ ಒಳಗಿನ ಭಾಗ, ಮಳೆ ಕಾಣಬಾರದ ಮರ. ಇವೆರಡರ ನಡುವೆ ನೀರು ಹೋಗುತ್ತಿದ್ದರೆ ಮೊದಲು ಕೊಳೆಯುವುದು ಹಿಂದಿನದು; ಮುಂದಿನದು ಗಟ್ಟಿಯಾಗಿ, ಹಸಿರು ಛಾಯೆಯೂ ಮಾಸದೆ, ನೋಡುವವರಿಗೆ ಧೈರ್ಯ ಕೊಡುತ್ತಾ ಉಳಿಯುತ್ತದೆ. ತಿರುಪಿನ ಪುಡಿ ಹೇಳುತ್ತಿದ್ದದ್ದು ಇದನ್ನೇ.

ನೋಡುವುದಾದರೆ ಒಳಗಿನಿಂದಲೇ ನೋಡಬೇಕಿತ್ತು. ನೆಲಮಾಳಿಗೆಯನ್ನು ಹಿಂದಿನ ಒಡೆಯರು ಚೆನ್ನಾಗಿ ಮುಗಿಸಿ, ಮೇಲ್ಭಾಗಕ್ಕೆ ಜಿಪ್ಸಮ್ ಹಲಗೆ ಬಡಿಸಿ, ಬಿಳಿ ಬಣ್ಣ ಬಳಿಸಿದ್ದರು. ಅದನ್ನು ಕೊಯ್ಯಲು ಮನೆಯೊಡೆಯರು ಒಪ್ಪಲಿಲ್ಲ. ಹೊರಗಿನ ತೊಂದರೆಗೆ ಒಳಗಿನ ಗೋಡೆ ಒಡೆಯುವುದೇಕೆ ಎಂಬ ಅವರ ಪ್ರಶ್ನೆ ಅಸಹಜವೇನಲ್ಲ. ಕೊನೆಗೆ ಎರಡಡಿ ಉದ್ದ, ಒಂದಡಿ ಅಗಲದ ಒಂದೇ ತೂತಿಗೆ ಒಪ್ಪಿಗೆ ಸಿಕ್ಕಿತು. ಬಾಗಿಲ ನೇರಕ್ಕೆ ಅಳೆದು ಕೊಯ್ದೆವು. ಒಳಗಿನ ಗಾಜುನಾರಿನ ಹೊದಿಕೆಯನ್ನು ಎಳೆದಾಗ ಅದರ ಹೊರಮೈ ಕಪ್ಪಾಗಿತ್ತು. ಉಳಿ ರಿಮ್ ಹಲಗೆಯಲ್ಲಿ ಹಿಡಿಯವರೆಗೆ ಇಳಿಯಿತು. ಒಡೆಯರ ಕೈಗೇ ಉಳಿಯನ್ನು ಕೊಟ್ಟೆ. ಅವರು ಎರಡು ಸಲ ಚುಚ್ಚಿ, ಬೇರೇನೂ ಹೇಳದೆ, ತೂತನ್ನು ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಿ ಎಂದರು.

ಪೂರ್ತಿ ತೆರೆದಾಗ ಕಂಡದ್ದು: ರಿಮ್ ಹಲಗೆ ಐದೂವರೆ ಅಡಿ ಉದ್ದಕ್ಕೆ ಲಡ್ಡಾಗಿತ್ತು, ಮನೆಯ ನೆಲದ ಎರಡು ಜಂತೆಗಳ ತುದಿಗಳೂ ಮೂರು ಇಂಚಿನಷ್ಟು ಮೆತ್ತಗಾಗಿದ್ದವು, ಹಳೆಯ ಮೊಳೆಗಳು ನಡುವಿನಲ್ಲಿ ತುಕ್ಕು ತಿಂದು ಸಣ್ಣಗಾಗಿದ್ದವು. ಕಾರಣ ಒಂದೇ, ನೀರು. ಲೆಡ್ಜರ್ ಮೇಲೆ ನೀರನ್ನು ಹೊರಕ್ಕೆ ತಿರುಗಿಸುವ ತಗಡಿನ ಹೊದಿಕೆ, ಅಂದರೆ ಫ್ಲ್ಯಾಶಿಂಗ್, ಇರಲೇ ಇಲ್ಲ. ಲೆಡ್ಜರ್‌ಗೂ ಗೋಡೆಗೂ ನಡುವಿನ ಸಂದಿಗೆ ಅಂಟು ಮೇಣ ತುಂಬಿದ್ದರು. ಮೇಣ ಕೆಲವು ವರ್ಷಕ್ಕೆ ಬಿರಿಯಿತು, ಮಳೆಯ ನೀರನ್ನು ಒಳಗೆ ಬಿಟ್ಟುಕೊಂಡಿತು, ಒಳಗಿನ ನೀರು ಆರದಂತೆ ತಡೆಯುವ ಕೆಲಸವನ್ನು ಮಾತ್ರ ಕೊನೆಯವರೆಗೂ ಶ್ರದ್ಧೆಯಿಂದ ಮಾಡಿತು. ಜಾರುಬಾಗಿಲಿನ ಹೊಸ್ತಿಲಿನಿಂದಲೂ ನೀರು ಅಲ್ಲಿಗೇ ಇಳಿಯುತ್ತಿತ್ತು. ಸಂದಿ ಬಾಗಿಲ ಎದುರಿಗೆ ಮಾತ್ರ ಅಗಲವಾಗಿದ್ದದ್ದು ಇದರಿಂದ.

ಮುಚ್ಚುವ ನಿರ್ಧಾರ

ಅಂದೇ ಡೆಕ್ಕನ್ನು ಮುಚ್ಚಿಸಿದೆ. ಜಾರುಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ತಿರುಪಿನಿಂದ ಬಿಗಿಸಿ, ಮೆಟ್ಟಿಲ ಬುಡಕ್ಕೆ ಹಲಗೆ ಅಡ್ಡ ಹೊಡೆಸಿದೆವು. ಹಗ್ಗ ಕಟ್ಟಿ ಚೀಟಿ ಅಂಟಿಸಿದರೆ ಸಾಲದು. ಅಭ್ಯಾಸಬಲದಿಂದ ಬಾಗಿಲು ತೆರೆದು ಹೊರಗೆ ಕಾಲಿಡುವವರು ಮನೆಯವರೇ.

ಮಾರನೆಯ ದಿನ ಗೋಡೆಯಿಂದ ಎರಡಡಿ ಹೊರಗೆ, ಜಂತೆಗಳ ಕೆಳಗೆ ಒಂದು ತಾತ್ಕಾಲಿಕ ತೊಲೆ ಕೊಟ್ಟು, ದಪ್ಪ ಹಲಗೆಯ ಹಾಸಿನ ಮೇಲೆ ನಿಂತ ತಿರುಪು ಕಂಬಗಳಿಂದ ಅದನ್ನು ಎತ್ತಿ ಹಿಡಿದೆವು. ಕೂಡಲೇ ಪ್ರಶ್ನೆ ಬಂತು. ಈಗ ಕೆಳಗೆ ಕಂಬ ಬಂದಿದೆಯಲ್ಲ, ಇಪ್ಪತ್ತು ವರ್ಷಕ್ಕೂ ಮೇಲೆ ನಿಂತದ್ದು ಇನ್ನೊಂದು ದಿನ ನಿಲ್ಲುವುದಿಲ್ಲವೇ, ಸಮಾರಂಭ ಮುಗಿಸಿಕೊಂಡು ಕೆಲಸ ಶುರು ಮಾಡಬಾರದೇ? ಅವರನ್ನು ಮೊಂಡರೆಂದು ತಿಳಿಯಬಾರದು. ಬೇರೆ ಊರುಗಳಿಂದ ನೆಂಟರು ಹೊರಟಾಗಿತ್ತು.

ನಾನು ಒಪ್ಪದಿರಲು ಕಾರಣ ನೆಟ್ಟಗಿನ ಭಾರವಲ್ಲ. ತಾತ್ಕಾಲಿಕ ಕಂಬಗಳು ಅದನ್ನು ಬಹುಶಃ ಹೊತ್ತೇಬಿಡುತ್ತಿದ್ದವು. ಆದರೆ ಜನ ಒಟ್ಟಿಗೆ ಓಲಾಡಿದಾಗ, ಒಂದೇ ಕಡೆಗೆ ಸರಿದಾಗ ಡೆಕ್ ಅಡ್ಡಕ್ಕೆ ಜಗ್ಗುತ್ತದೆ. ಆ ಜಗ್ಗಾಟವನ್ನು ತಡೆಯುವುದು ಗೋಡೆಯ ಜೋಡಣೆ. ಅಮೆರಿಕದ ವಸತಿ ಸಂಹಿತೆಯ 2009ರ ಆವೃತ್ತಿಯಲ್ಲಿ ಡೆಕ್ ಜಂತೆಗಳನ್ನು ಮನೆಯ ನೆಲದ ಜಂತೆಗಳಿಗೆ ಕಟ್ಟುವ, ತಲಾ 1,500 ಪೌಂಡ್ ಎಳೆತ ತಡೆಯುವ ಎರಡು ಲೋಹದ ಬಿಗಿತಗಳ ಕ್ರಮ ಸೇರಿದ್ದು ಇದೇ ಕಾರಣಕ್ಕೆ. ಇಲ್ಲಿ ಅಂಥದ್ದೇನೂ ಇರಲಿಲ್ಲ, ಇಳಿಜಾರಿನ ಕಡೆ ಒಂಬತ್ತಡಿಯ ಕಂಬಗಳಿಗೆ ಓರೆ ಪಟ್ಟಿಗಳೂ ಇರಲಿಲ್ಲ. ಒಳ ಅಂಚು ಕೆಳಕ್ಕೆ ಕುಸಿದರೆ ಮೂರಡಿ. ಆದರೆ ಡೆಕ್ ಗೋಡೆ ಬಿಟ್ಟು ಹೊರಕ್ಕೆ ಸರಿದರೆ ಕಂಬಗಳೇ ಇಳಿಜಾರಿನತ್ತ ವಾಲುತ್ತವೆ.

2015ರ ಜೂನ್ 16ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಐದನೇ ಮಹಡಿಯ ಬಾಲ್ಕನಿಯೊಂದು ಹುಟ್ಟುಹಬ್ಬದ ಕೂಟದ ನಡುವೆ ಮುರಿದು ಆರು ಮಂದಿ ತೀರಿಕೊಂಡರು, ಏಳು ಮಂದಿ ಗಾಯಗೊಂಡರು. ಅದರ ಜಂತೆಗಳು ಹೊರಗೆ ಕಾಣದಂತೆ ಕೊಳೆತಿದ್ದವು. ಆಮೇಲೆ ಆ ರಾಜ್ಯ 2018ರಲ್ಲಿ ಬಾಡಿಗೆ ವಸತಿ ಕಟ್ಟಡಗಳಿಗೂ 2019ರಲ್ಲಿ ಒಡೆತನದ ಫ್ಲ್ಯಾಟುಗಳಿಗೂ ನಿಯತಕಾಲಿಕ ತಪಾಸಣೆಯ ಕಾನೂನು ತಂದಿತು. ಮೂರು ಮತ್ತು ಹೆಚ್ಚು ಮನೆಗಳಿರುವ ಬಾಡಿಗೆ ಕಟ್ಟಡಕ್ಕೆ ಆರು ವರ್ಷಕ್ಕೊಮ್ಮೆ, ಫ್ಲ್ಯಾಟುಗಳಿಗೆ ಒಂಬತ್ತು ವರ್ಷಕ್ಕೊಮ್ಮೆ. ಒಂಟಿ ಮನೆಗಳಿಗೆ ಆ ಕಾನೂನುಗಳು ತಾಗುವುದಿಲ್ಲ. ಮನೆಯವರಿಗೆ ಇದನ್ನು ಹೆದರಿಸಲೆಂದು ಹೇಳಲಿಲ್ಲ. ಈ ಮನೆಯಲ್ಲಿ ಬೇಡ ಎನ್ನುವ ಅಧಿಕಾರಿ ಬೇರೆ ಯಾರೂ ಬರುವುದಿಲ್ಲ, ಆ ಮಾತನ್ನು ನಾವೇ ಹೇಳಿಕೊಳ್ಳಬೇಕು ಎಂದು ವಿವರಿಸಲು ಹೇಳಿದೆ. ಸಮಾರಂಭ ಮನೆಯೊಳಗೂ ಮುಂದಿನ ಅಂಗಳದಲ್ಲೂ ನಡೆಯಿತು.

ಮೂರು ದಾರಿಗಳು

ದುರಸ್ತಿಗೆ ಮೂರು ದಾರಿಗಳಿದ್ದವು. ಹೊರಗಿನಿಂದಲೇ ಇನ್ನಷ್ಟು ಉದ್ದದ ತಿರುಪು ಹಾಕುವ ಮೊದಲನೆಯದನ್ನು ಒಂದೇ ಮಾತಿನಲ್ಲಿ ಬಿಟ್ಟೆವು. ಎರಡನೆಯದು ನನಗೆ ಮೊದಲಿನಿಂದಲೂ ಮೆಚ್ಚಿಗೆಯಾದದ್ದು: ಗೋಡೆಯ ಹತ್ತಿರ ಇನ್ನೊಂದು ಸಾಲು ಕಂಬ ಮತ್ತು ತೊಲೆ ಕೊಟ್ಟು ಡೆಕ್ಕನ್ನು ತನ್ನ ಕಾಲ ಮೇಲೆ ನಿಲ್ಲಿಸುವುದು. ಆಗ ಮನೆಗೂ ಅದಕ್ಕೂ ಭಾರದ ಸಂಬಂಧವೇ ಇರುವುದಿಲ್ಲ, ಗೋಡೆಗೆ ತೂತೂ ಬೇಡ. ನಕ್ಷೆಯನ್ನು ಅರ್ಧ ಬರೆದಾಗಿತ್ತು.

ಅಡ್ಡ ಬಂದದ್ದು ಮಣ್ಣು. ನೆಲಮಾಳಿಗೆಯ ಗೋಡೆ ಕಟ್ಟಲು ಸುತ್ತಲೂ ಅಗೆದು ಆಮೇಲೆ ತುಂಬಿದ ಮಣ್ಣು ಎಷ್ಟು ವರ್ಷವಾದರೂ ಮೂಲ ನೆಲದಷ್ಟು ಗಟ್ಟಿಯಾಗುವುದಿಲ್ಲ. ಅದಕ್ಕೇ ಮನೆಯ ಗೋಡೆಯಿಂದ ಐದು ಅಡಿಯೊಳಗೆ ಡೆಕ್‌ನ ಕಂಬ ಬಂದರೆ ಅದರ ಅಡಿಪಾಯ ಮನೆಯ ಅಡಿಪಾಯದ ಮಟ್ಟದವರೆಗೂ ಇಳಿಯಬೇಕೆಂಬ ನಿಯಮವಿದೆ. ಇಲ್ಲಿ ಹಾಗೆಂದರೆ ಏಳಡಿ ಆಳದ ಮೂರು ಗುಂಡಿಗಳು, ಅದೂ ಮಾಳಿಗೆಯ ಗೋಡೆಗೆ ಒತ್ತಿಕೊಂಡು, ಮೇಲೆ ಡೆಕ್ ಇರುವಾಗ. ಐದಡಿ ಆಚೆಗೆ ಕಂಬ ನೆಟ್ಟು ಜಂತೆಗಳನ್ನು ಗೋಡೆಯತ್ತ ಚಾಚಿಸೋಣವೆಂದರೆ, ಜಂತೆಯನ್ನು ಆಸರೆಯಿಲ್ಲದೆ ಚಾಚಬಹುದಾದದ್ದು ಅದರ ಎರಡು ಆಸರೆಗಳ ನಡುವಿನ ಅಂತರದ ಕಾಲು ಭಾಗದಷ್ಟು ಮಾತ್ರ. ಉಳಿಯುವ ಏಳಡಿ ಅಂತರಕ್ಕೆ ಐದಡಿ ಚಾಚು ಒಪ್ಪುವುದಿಲ್ಲ. ಮೆಚ್ಚಿದ ನಕ್ಷೆಯನ್ನು ಪಕ್ಕಕ್ಕಿಟ್ಟೆ.

ಉಳಿದದ್ದು ಮೂರನೆಯದು, ಕೊಳೆತದ್ದನ್ನೆಲ್ಲ ತೆಗೆದು ಜೋಡಣೆಯನ್ನು ಹೊಸದಾಗಿ ಕಟ್ಟುವುದು. ನೆಲಮಾಳಿಗೆಯ ಮೇಲ್ಭಾಗ ಹೇಗೂ ತೆರೆದಾಗಿತ್ತಾದ್ದರಿಂದ ಮೊದಲು ಅಡ್ಡಿಯೆನಿಸಿದ್ದೇ ಅನುಕೂಲವಾಯಿತು. ಒಳಗೆ ಕೈ ಸಿಗುತ್ತಿದ್ದರಿಂದ ತಿರುಪಿನ ಬದಲು ಎರಡೂ ಹಲಗೆಗಳನ್ನು ತೂರಿ ಹೋಗುವ ಬೋಲ್ಟು ಹಾಕಿ ಒಳಗಡೆ ವಾಷರ್ ಮತ್ತು ನಟ್ಟು ಬಿಗಿಯಬಹುದಿತ್ತು. 1,500 ಪೌಂಡಿನ ಬಿಗಿತಗಳನ್ನೂ ನೆಲದ ಜಂತೆಗಳಿಗೇ ಕಟ್ಟಬಹುದಿತ್ತು.

ಕೆಲಸ ನಡೆದ ಬಗೆ

ಮನೆಯ ನೆಲವನ್ನು ಒಳಗಿನಿಂದ ಆನಿಸಿ, ರಿಮ್ ಹಲಗೆಯ ಕೊಳೆತ ಭಾಗದ ಜೊತೆಗೆ ಎರಡೂ ಕಡೆ ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆದೆವು. ಐದೂವರೆ ಅಡಿ ಕೊನೆಗೆ ಎಂಟಡಿಯಾಯಿತು. ಎರಡು ಜಂತೆಗಳ ಮೆತ್ತಗಿನ ತುದಿ ಕತ್ತರಿಸಿ, ಪಕ್ಕಕ್ಕೆ ಹೊಸ ಜಂತೆ ಜೋಡಿಸಿದೆವು. ಹೊಸ ಲೆಡ್ಜರ್‌ಗೆ ಅರ್ಧ ಇಂಚಿನ ಬೋಲ್ಟುಗಳನ್ನು 16 ಇಂಚಿಗೊಂದರಂತೆ, ಒಂದು ಮೇಲೆ ಒಂದು ಕೆಳಗೆ ಬರುವಂತೆ ಹಾಕಿದೆವು. ಈ ಅಳತೆಯ ಡೆಕ್‌ಗೆ ಸಂಹಿತೆ 29 ಇಂಚಿನವರೆಗೆ ಬಿಡುತ್ತದೆ. ಹತ್ತಿರ ಹಾಕಿಸಿದ್ದು ನನ್ನ ಸ್ವಂತ ಅಳುಕಿಗೆ.

ಹ್ಯಾಂಗರ್‌ಗಳ ವಿಷಯ ನಡುವೆ ಹೊಸದಾಗಿ ತಲೆಯೆತ್ತಿತು. ಹಿಂದಿನ ಒಡೆಯರು 2004ರ ಆಚೆಗೆ ಮೆಟ್ಟಿಲ ಬದಿಯ ನಾಲ್ಕು ಜಂತೆಗಳನ್ನು ಬದಲಿಸಿದ್ದರು. ಸಿಸಿಎ ನಿಂತ ಮೇಲೆ ಬಂದ ಸಂಸ್ಕರಿತ ಮರದಲ್ಲಿ ತಾಮ್ರದ ಅಂಶ ಹೆಚ್ಚು. ಒದ್ದೆಯಾದಾಗ ಅದು ಸಾಧಾರಣ ಸತು ಲೇಪದ ಉಕ್ಕನ್ನು ಬೇಗ ತಿನ್ನುತ್ತದೆ. ಆ ನಾಲ್ಕು ಹ್ಯಾಂಗರ್‌ಗಳು ಹಳೆಯ ಒಂಬತ್ತಕ್ಕಿಂತ ಹೆಚ್ಚು ತುಕ್ಕು ಹಿಡಿದಿದ್ದವು. ಮೇಲಾಗಿ ಅವನ್ನು ಹ್ಯಾಂಗರ್ ಮೊಳೆಗಳಿಂದಲ್ಲ, ಹಲಗೆ ಬಡಿಯುವ ಸಣ್ಣ ತಿರುಪುಗಳಿಂದ ಹಿಡಿಸಿದ್ದರು. ಅಂಥ ತಿರುಪು ಗಡಸು, ಅಡ್ಡಭಾರಕ್ಕೆ ಬಾಗದೆ ಪಟಕ್ಕನೆ ಮುರಿಯುತ್ತದೆ. ಹದಿಮೂರನ್ನೂ ಬದಲಿಸಿ, ದಪ್ಪ ಬಿಸಿ ಸತುಲೇಪದ ಹ್ಯಾಂಗರ್ ಮತ್ತು ಅದಕ್ಕೆ ತಕ್ಕ ಮೊಳೆಗಳನ್ನೇ ಹಾಕಿಸಿದೆವು.

ಕಟಾಂಜನದ ಕಂಬಗಳೂ ಉಳಿಯಲಿಲ್ಲ. ಕಟಾಂಜನದ ಮೇಲಿನ ಪಟ್ಟಿಯ ಯಾವ ಬಿಂದುವಿನಲ್ಲಾದರೂ 200 ಪೌಂಡ್ ಒತ್ತಿದರೆ ತಡೆಯಬೇಕು ಎಂಬುದು ನಿಯಮ. 36 ಇಂಚು ಎತ್ತರದಲ್ಲಿ ಒತ್ತಿದ ಆ ಭಾರ, ಬುಡದಲ್ಲಿ ಐದು ಇಂಚು ಅಂತರದ ಎರಡು ಬೋಲ್ಟುಗಳಿಗೆ ಬರುವಾಗ ಮೀಟುಗೋಲಿನ ಲೆಕ್ಕದಲ್ಲಿ ಮೇಲಿನ ಬೋಲ್ಟಿಗೆ ಸುಮಾರು 1,700 ಪೌಂಡ್ ಎಳೆತವಾಗುತ್ತದೆ. ಇಲ್ಲಿ ಕಂಬದ ಬುಡವನ್ನು ಅರ್ಧಕ್ಕೆ ಕೊಯ್ದು ಅಂಚಿನ ಹಲಗೆಗೆ ಸಿಕ್ಕಿಸಿದ್ದರು. ಕೊಯ್ದ ಮೂಲೆಯಿಂದಲೇ ಎರಡು ಕಂಬಗಳು ಸೀಳಿದ್ದವು.

ಕೊನೆಯ ತಪ್ಪು ನಮ್ಮದೇ. ಗೋಡೆ ಮುಚ್ಚುವ ಮೊದಲು ಸ್ಥಳೀಯ ಕಟ್ಟಡ ಇಲಾಖೆಯ ತಪಾಸಕರು ಬಂದರು. ಬೋಲ್ಟುಗಳನ್ನು ಎಣಿಸಿ ಹೋಗುತ್ತಾರೆಂದುಕೊಂಡಿದ್ದೆವು. ಅವರು ಬಾಗಿಲ ಹೊಸ್ತಿಲಿನ ಕೆಳಗೆ ಟಾರ್ಚ್ ಬಿಟ್ಟು, ಹೊಸ್ತಿಲಿನ ತಟ್ಟೆಯ ತುಟಿ ಹೊಸ ಫ್ಲ್ಯಾಶಿಂಗ್‌ನ ಹಿಂದಕ್ಕೆ ಹೋಗಿರುವುದನ್ನು ತೋರಿಸಿದರು. ಮೇಲಿನ ಪದರ ಯಾವಾಗಲೂ ಕೆಳಗಿನದರ ಮೇಲೆ ಹೊದೆಯಬೇಕು, ಹೆಂಚು ಹೊದಿಸಿದ ಹಾಗೆ. ತಿರುವುಮುರುವಾದರೆ ನೀರನ್ನು ನಾವೇ ಕೈಹಿಡಿದು ಒಳಕ್ಕೆ ಕರೆದಂತೆ. ಬೋಲ್ಟಿನ ಲೆಕ್ಕವನ್ನು ಮೂರು ಸಲ ನೋಡಿದ್ದ ನಾನು ಇದನ್ನು ಒಂದು ಸಲವೂ ನೋಡಿರಲಿಲ್ಲ. ಅರ್ಧ ದಿನ ಬಿಚ್ಚಿ ಮತ್ತೆ ಹಾಕಿದೆವು.

ಪ್ರಕರಣದಿಂದ ನಾನು ಬದಲಿಸಿಕೊಂಡದ್ದು

ಈಗ ಲೆಡ್ಜರ್ ತಪಾಸಣೆಗೆ ಹೋದಾಗ ನಾನು ಮೊದಲು ನೆಲಮಾಳಿಗೆಗೆ ಇಳಿಯುತ್ತೇನೆ, ಆಮೇಲೆ ಹಿತ್ತಲಿಗೆ. ಬಾಗಿಲಿನ ನೇರಕ್ಕೆ ಒಳಗಿನಿಂದ ನೋಡಲಾಗದಿದ್ದರೆ, ಜೋಡಣೆಯನ್ನು ಪರೀಕ್ಷಿಸಿಲ್ಲ ಎಂದು ವರದಿಯ ಮೊದಲ ಪುಟದಲ್ಲಿ, ಒಂದೇ ವಾಕ್ಯದಲ್ಲಿ ಬರೆಯುತ್ತೇನೆ. ಸೂಕ್ತ ಎಂಬ ಪದವನ್ನು ಬಳಸುವುದನ್ನು ಬಿಟ್ಟಿದ್ದೇನೆ. ಅದರ ಜಾಗದಲ್ಲಿ ಅದು ತಿಳಿಯುವವರೆಗೆ ಡೆಕ್ ಮೇಲೆ ಎಷ್ಟು ಜನ ನಿಲ್ಲಬಹುದು, ಅಥವಾ ಯಾರೂ ನಿಲ್ಲಬಾರದು, ಎಂದು ಬರೆಯುತ್ತೇನೆ. ತೇವಮಾಪಕವನ್ನು ಈಗಲೂ ಒಯ್ಯುತ್ತೇನೆ, ಅಂಕಿ ಹೆಚ್ಚಿದ್ದರೆ ನಂಬುತ್ತೇನೆ, ಕಡಿಮೆಯಿದ್ದರೆ ಉಳಿ ತೆಗೆಯುತ್ತೇನೆ. ಹಳೆಯ ಡೆಕ್‌ಗೆ ತಿರುಪು ಸೇರಿಸುವ ಬಡಗಿಗಳಿಗೆ ಒಂದು ಮಾತನ್ನು ಕೇಳಿಕೊಳ್ಳುತ್ತೇನೆ: ಯಾವುದು ಬಿಗಿಯಾಗಲಿಲ್ಲವೋ ಅದನ್ನು ಗುರುತು ಹಾಕಿ ಬಿಡಿ, ಜಾಗ ಬದಲಿಸಬೇಡಿ.

ಡೆಕ್ ಮತ್ತೆ ತೆರೆದದ್ದು ಮುಚ್ಚಿದ ದಿನದಿಂದ ಏಳನೇ ವಾರದಲ್ಲಿ. ನೆಲಮಾಳಿಗೆಯ ಮೇಲ್ಭಾಗವನ್ನು ಮತ್ತೆ ಮುಚ್ಚುವಾಗ, ಬಾಗಿಲಿನ ನೇರಕ್ಕೆ ಎರಡಡಿ ಉದ್ದ, ಒಂದಡಿ ಅಗಲದ ಜಾಗವನ್ನು ಕಳಚಬಹುದಾದ ಮುಚ್ಚಳವಾಗಿ ಉಳಿಸಬೇಕೆಂದು ಮನೆಯೊಡೆಯರೇ ಹೇಳಿದರು. ಮೊದಲ ದಿನ ಕೊಯ್ಯಲು ಒಪ್ಪಿದ್ದ ಅದೇ ಅಳತೆ. ಮರುವರ್ಷದ ಮಳೆಗಾಲ ಕಳೆದ ಮೇಲೆ ನಾನು ಹೋಗಿ ಆ ಮುಚ್ಚಳ ಕಳಚಿದೆ. ಹೊದಿಕೆಯ ಹೊರಮೈ ಬೆಳ್ಳಗಿತ್ತು, ಉಳಿ ಇಳಿಯಲಿಲ್ಲ. ಹೊಸ ಮರ ಒಣಗಿ ಸ್ವಲ್ಪ ಸೊರಗಿದ್ದರಿಂದ ಮೂರು ನಟ್ಟುಗಳು ಕಾಲು ಸುತ್ತು ಹಿಡಿದವು. ಮುಚ್ಚಳದ ಒಳಮೈಗೆ ಮನೆಯೊಡತಿ ಒಂದು ಕಾಗದ ಅಂಟಿಸಿದ್ದರು. ಅದರಲ್ಲಿ ದಿನಾಂಕ, ತೇವದ ಅಂಕಿ, ಬಿಗಿದ ನಟ್ಟುಗಳ ಸಂಖ್ಯೆ ಬರೆದು ಮುಚ್ಚಿದೆ.